ಮಿಂಚುವ ಕಪ್ಪು ಕೇಳಿದ ಮನುಷ್ಯ

“ಪ್ಲೇನ್ ಬ್ಲ್ಯಾಕ್ ಬೇಡ ತುಂಗಮ್ಮೋರೆ. ಮೆಟಾಲಿಕ್ಕೇ ಹೊಡೀರಿ.”

ತುಂಗಾ ಬಣ್ಣ ಉಜ್ಜುವ ವಾಟರ್ ಪೇಪರನ್ನು ಬಕೆಟ್ಟಿನ ನೀರಿಗೆ ಬಿಟ್ಟು ನೆಟ್ಟಗೆ ನಿಂತಳು. ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಒಂದು ಗಳಿಗೆ ಅನುಮಾನವಾಯಿತು.

ಎದುರಿಗಿದ್ದವನು ಲಕ್ಷ್ಮೀಪತಿ. ಇಸ್ತ್ರಿ ಮುರಿಯದ ಬಿಳಿ ಸಫಾರಿ, ಬಾಯಲ್ಲಿ ಏಲಕ್ಕಿ, ತೋರುಬೆರಳಲ್ಲಿ ಗಿರಗಿರನೆ ತಿರುಗುವ ಕಾರಿನ ಕೀ. ಅಪ್ಪ ಹೊಸಹಳ್ಳಿಯಲ್ಲಿ ರಾಗಿ ಬೆಳೆದ ಹೊಲವನ್ನು ಸೈಟು ಮಾಡಿ ಮಾರಿ, ಬಸವೇಶ್ವರನಗರದಲ್ಲಿ ಮಹಡಿ ಮನೆ ಕಟ್ಟಿಸಿ, ಈಗ ಕಾರ್ಪೊರೇಷನ್ ಚುನಾವಣೆಗೆ ನಿಲ್ಲುವ ಹುಚ್ಚು ಹತ್ತಿಸಿಕೊಂಡಿದ್ದ. ಜನರ ಮನೆಬಾಗಿಲಿಗೆ ಹೋಗುವ ಮೊದಲು ಕಾರಿಗೆ ಕಪ್ಪು ಬಣ್ಣ ಹೊಡೆಸಬೇಕು ಎಂದು ಅವನಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಆ ಕಪ್ಪು ಯಾವ ಕಪ್ಪು ಎಂದು ತೀರ್ಮಾನಿಸಲು ಮಹಾಶಯ ಮೂರು ವಾರ ತೆಗೆದುಕೊಂಡಿದ್ದ. ಪೆಟ್ರೋಲ್ ಬೆಲೆ ಏರಿ ಅರ್ಧ ಬೆಂಗಳೂರು ಸೈಕಲ್ಲಿಗೆ ಇಳಿದಿದ್ದ ವರ್ಷವದು. ಇವನು ಮಾತ್ರ ಪ್ರತಿ ಮಂಗಳವಾರ ತನ್ನ ಬೂದುಬಣ್ಣದ ಫಿಯೆಟ್ಟಿನಲ್ಲಿ ರಾಜಾಜಿನಗರದ ಈ ಶೆಡ್ಡಿಗೆ ಬಂದು, ತುಂಗಾ ಎರಡು ತಗಡಿನ ಮೇಲೆ ಹೊಡೆದಿಟ್ಟಿದ್ದ ಎರಡು ಕಪ್ಪುಗಳನ್ನು ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಹಿಡಿದು ನೋಡುತ್ತಿದ್ದ. ಒಂದು ಸಾದಾ ಕಪ್ಪು. ಇನ್ನೊಂದು ಅಲ್ಯುಮಿನಿಯಂ ಪುಡಿ ಬೆರೆಸಿದ, ಬಿಸಿಲು ಬಿದ್ದರೆ ಮಿಣಮಿಣ ಎನ್ನುವ ಮೆಟಾಲಿಕ್ ಕಪ್ಪು. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ಕೂರುವುದಿಲ್ಲ. ಅವನು ಎದ್ದು ಹೋಗುವಷ್ಟರಲ್ಲಿ ತುಂಗಾಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಕೊನೆಗೆ ಹೋದ ಮಂಗಳವಾರ ತೀರ್ಪು ಹೊರಬಿದ್ದಿತ್ತು. “ಪ್ಲೇನೇ ಇರ್ಲಿ. ಮಂತ್ರಿಗಳ ಕಾರು ಮಿಣಮಿಣ ಅಂದಿದ್ದು ಯಾವತ್ತಾದ್ರೂ ನೋಡಿದ್ದೀರಾ? ಮೆಟಾಲಿಕ್ಕೆಲ್ಲ ಸಿನಿಮಾದೋರಿಗೆ, ಬ್ಯಾಂಡ್‌ಸೆಟ್ಟಿನೋರಿಗೆ.”

ಇವತ್ತು ಬುಧವಾರ. ಎಂಟೇ ದಿನದಲ್ಲಿ ಮಂತ್ರಿಗಳ ಘನತೆ ಎಲ್ಲಿಗೆ ಹೋಯಿತು?

“ಯಾಕೆ ಸಾಹುಕಾರ್ರೇ, ಮನಸ್ಸು ಬದಲಾಯ್ತು?”

“ನಮ್ಮನೆಯವಳಿಗೆ ಮೆಟಾಲಿಕ್ ಇಷ್ಟ ಕಣಮ್ಮ. ಹೆಂಗಸರ ಮಾತು ಮೀರೋಕಾಗುತ್ತಾ?” ಎಂದು ಹಲ್ಲು ಗಿಂಜಿದ.

ಇದು ಹಸಿ ಸುಳ್ಳು. ಅವನ ಹೆಂಡತಿ ಪುಟ್ಟಲಕ್ಷ್ಮಿ ಎರಡನೆಯ ವಾರ ಇದೇ ಶೆಡ್ಡಿನ ಸ್ಟೂಲಿನ ಮೇಲೆ ಕೂತು, ಮಿಂಚುವ ಕಾರಿನಲ್ಲಿ ತಾನು ಕಾಲಿಡುವುದಿಲ್ಲ, ನಾಟಕದ ಕಂಪನಿಯವರ ಹಾಗೆ ಕಾಣುತ್ತೆ ಎಂದು ಮೂಗು ಮುರಿದಿದ್ದಳು. ಸುಳ್ಳು ಹೇಳುವವರನ್ನು ಅರ್ಧದಲ್ಲಿ ತಡೆಯಬಾರದು ಎಂಬುದನ್ನು ತುಂಗಾ ಮದುವೆಯಾದ ಮೊದಲ ವರ್ಷವೇ ಕಲಿತಿದ್ದಳು.

“ಕಾರು ಬಿಟ್ಟು ಹೋಗಿ. ನಾಲ್ಕು ಗಂಟೆಗೆ ಬನ್ನಿ, ಮೊದಲನೇ ಕೋಟ್ ನೋಡೋರಂತೆ.”

“ಆಯುಧಪೂಜೆಗೆ ಹತ್ತೇ ದಿನ ಇರೋದು. ಜಲ್ದಿ ಆಗ್ಬೇಕು.”

“ಆಗುತ್ತೆ.”

ಅವನು ಆಟೋ ಹತ್ತಿ ಮರೆಯಾದ. ತುಂಗಾ ಆ ಫಿಯೆಟ್ಟಿನ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತಳು.

ಕಳೆದ ಶನಿವಾರ ನಸುಕಿನಲ್ಲಿ ಮಾಗಡಿ ರಸ್ತೆಯಲ್ಲಿ ಹಾಲಿನ ಬೂತಿಗೆ ಹೊರಟಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಗುರುಸಿದ್ದಯ್ಯನವರನ್ನು ಒಂದು ಗಾಡಿ ಗುದ್ದಿ ಕೊಂದು ಹಾಕಿತ್ತು. ಬೂತಿನ ಹೆಂಗಸು ಕಂಡದ್ದು ಇಷ್ಟೇ: ಬೂದುಬಣ್ಣದ ಗಾಡಿ, ಎಡಗಡೆಯ ದೀಪ ಒಡೆದಿತ್ತು. ಅಂದೇ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಸಬ್ ಇನ್‌ಸ್ಪೆಕ್ಟರ್ ಜಗನ್ನಾಥ ಈ ಶೆಡ್ಡಿಗೆ ಬಂದು, ಇಲ್ಲಿಯ ಹಳೆಯ ಬೂದು ವ್ಯಾನನ್ನೂ, ಅದನ್ನು ಓಡಿಸುವ ಪೇಂಟರ್ ಅಂಜಿನಯ್ಯನನ್ನೂ ಎಳೆದುಕೊಂಡು ಹೋಗಿದ್ದ. ವ್ಯಾನಿನ ಎಡಗಡೆಯ ದೀಪ ಒಡೆದು ಒಂದು ವರ್ಷವಾಗಿತ್ತು. ಅದನ್ನು ಕೇಳುವ ತಾಳ್ಮೆ ಆ ಅಧಿಕಾರಿಗೆ ಇರಲಿಲ್ಲ.

ಅಂಜಿನಯ್ಯನಿಗೆ ಐವತ್ತೈದು ವರ್ಷ. ಇರುವೆ ತುಳಿದರೂ ಪಕ್ಕಕ್ಕೆ ಸರಿದು ಅಯ್ಯೋ ಎನ್ನುವ ಮನುಷ್ಯ. ಗಂಡ ಹೋದ ಮೇಲೆ ತುಂಗಾಳಿಗೆ ಸ್ಪ್ರೇ ಗನ್ ಹಿಡಿಯಲು ಕಲಿಸಿ, ಅವಳ ಒಲೆ ಆರದಂತೆ ನೋಡಿಕೊಂಡವನು. ನಾಲ್ಕು ದಿನದಿಂದ ಕಾಗದದಲ್ಲಿ ತೋರಿಸದೆ ಲಾಕಪ್ಪಿನಲ್ಲಿ ಇಟ್ಟುಕೊಂಡಿದ್ದಾರೆ. ನಾಳೆ ಗುರುವಾರ ಅವನನ್ನು ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಹಾಕುತ್ತಾರೆ. ಅಲ್ಲಿಗೆ ಹೋದರೆ ಅವನ ಎದೆ ತಡೆಯುವುದಿಲ್ಲ ಎಂದು ತುಂಗಾಳಿಗೆ ಗೊತ್ತಿತ್ತು. ಅದಕ್ಕೇ ಈ ನಾಲ್ಕು ದಿನದಿಂದ ಪೊಲೀಸರು ಮಾಡದ ಪತ್ತೇದಾರಿಕೆ ಅವಳ ಹೆಗಲಿಗೆ ಬಿದ್ದಿತ್ತು.

ಅವಳು ಫಿಯೆಟ್ಟಿನ ಎರಡು ಕಣ್ಣುಗಳನ್ನೂ ನೋಡಿದಳು. ಎದುರಿನವರ ಕಣ್ಣು ಕುಕ್ಕದಿರಲೆಂದು ದೀಪದ ಮೇಲರ್ಧಕ್ಕೆ ಎಲ್ಲರೂ ಬಳಿಸುವ ಕರಿ ಬಣ್ಣ ಬಲಗಡೆಯ ಗಾಜಿನಲ್ಲಿ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಎಡಗಡೆಯದರಲ್ಲಿ ಒಂದು ಚಕ್ಕೆಯೂ ಎದ್ದಿರಲಿಲ್ಲ. ಉಗುರಿನಿಂದ ಕೆರೆದರೆ ಬಣ್ಣ ಇನ್ನೂ ಮೆತ್ತಗಿತ್ತು. ಹೊಸ ಗಾಜು.

ಎಡಗಡೆಯ ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿದಳು. ನುಣುಪು. ಉಬ್ಬಿಲ್ಲ, ತಗ್ಗಿಲ್ಲ. ಬೂದುಬಣ್ಣವೂ ಉಳಿದ ಮೈಗೆ ಹೊಂದಿಕೊಂಡಿತ್ತು. ಕೈಮಡಚಿ ಬೆರಳ ಗಂಟಿನಿಂದ ತಟ್ಟಿದಳು. ಬಲಗಡೆಯದು ಠಣ್ ಎಂದಿತು. ಎಡಗಡೆಯದು ಮಧ್ಯದಲ್ಲಿ ಡಬ್ ಎಂದು ಮಂಕಾಗಿ ಸದ್ದು ಮಾಡಿತು. ಒಳಗೆ ತಗ್ಗು ತುಂಬುವ ಪುಟ್ಟಿ ಅರ್ಧ ಅಂಗುಲ ಕೂತಿದೆ.

ಕೆಲಸ ಬಲ್ಲವನ ಕೈ ಇದು ಎಂದು ಒಪ್ಪಿಕೊಳ್ಳಬೇಕಾಯಿತು. ಆದರೆ ಸದ್ದನ್ನು ಕಟ್ಟಿಕೊಂಡು ಕೋರ್ಟಿಗೆ ಹೋಗಲು ಆಗುವುದಿಲ್ಲ. ಡಬ್ ಎನ್ನುವುದಕ್ಕೂ ಠಣ್ ಎನ್ನುವುದಕ್ಕೂ ವ್ಯತ್ಯಾಸ ತಿಳಿಯುವ ಕಿವಿ ಜಗನ್ನಾಥನಿಗೆ ಇಲ್ಲ. ಅವನಿಗೆ ಕಣ್ಣಿಗೆ ರಾಚುವ ಹಾಗೆ ತೋರಿಸಬೇಕು.

ತೋರಿಸುವ ದಾರಿಯನ್ನು ಲಕ್ಷ್ಮೀಪತಿಯೇ ಹೇಳಿ ಹೋಗಿದ್ದ, ಪಾಪ.

ರಸ್ತೆಯಾಚೆಯ ಕಾಫಿಪುಡಿ ಅಂಗಡಿಯಿಂದ ಅವಳು ಠಾಣೆಗೆ ಫೋನ್ ಮಾಡಿದಳು. ಅತ್ತಲಿಂದ ಮೊದಲು ಆಕಳಿಕೆ ಕೇಳಿಸಿತು, ಆಮೇಲೆ ಜಗನ್ನಾಥನ ದನಿ.

“ಏನಮ್ಮಾ, ಪೇಂಟ್ ಹೊಡೆಯೋ ಹೆಂಗಸು ಪೊಲೀಸರಿಗೆ ಪಾಠ ಹೇಳೋ ಕಾಲ ಬಂತಾ?”

“ಪಾಠ ಬೇಡ ಸಾರ್. ಒಂದು ಮಡ್‌ಗಾರ್ಡ್ ತೋರಿಸ್ತೀನಿ. ನಾಲ್ಕೂವರೆಗೆ ಬನ್ನಿ.”

“ಟೀ ಸಿಗುತ್ತಾ?”

“ಸಿಗುತ್ತೆ ಸಾರ್, ಬನ್ನಿ.”

ಟೀಗಾದರೂ ಬರುತ್ತಾನೆ. ಒಬ್ಬ ಮೇಷ್ಟ್ರು ಸತ್ತದ್ದಕ್ಕಿಂತ ಒಂದು ಲೋಟ ಟೀ ದೊಡ್ಡದಾದ ಮನುಷ್ಯನನ್ನು ನಂಬಿ ಈ ಕಡೆಯ ಜನ ಬಾಗಿಲು ಹಾಕಿಕೊಂಡು ಮಲಗುತ್ತಾರಲ್ಲ ಎಂದುಕೊಂಡು ತುಂಗಾ ಶೆಡ್ಡಿಗೆ ಮರಳಿದಳು.

ಕಂಪ್ರೆಸರ್ ಗುಂಡಿ ಒತ್ತಿದಾಗ ಬೆಲ್ಟು ಕಿರುಗುಟ್ಟಿ ತಿರುಗತೊಡಗಿತು. ಅವಳ ಗಂಡ ಶಿವಬಸಪ್ಪನ ನಡುಬೆರಳಿನ ತುದಿ ತಿಂದದ್ದು ಇದೇ ಬೆಲ್ಟು. ಕುಡಿದು ಬಂದು ಕೈ ಇಟ್ಟಿದ್ದ. ಕಸುಬಿನಲ್ಲಿ ಮಾತ್ರ ಅವನನ್ನು ಮೀರಿಸುವವರು ಈ ಕಡೆ ಇರಲಿಲ್ಲ. ಕುಡಿದವನಿಗೆ ಭಕ್ತಿಯೂ ಅಷ್ಟೇ ಜಾಸ್ತಿ. ಪೆಟ್ಟು ಬಿದ್ದ ಜಾಗಕ್ಕೆ ಕೆಂಪು ಪುಡಿ ಬೆರೆಸಿದ ಮೊದಲ ಪುಟ್ಟಿ ಹಚ್ಚಿ, ಅದು ಹಸಿಯಿರುವಾಗಲೇ ಮೂರು ಬೆರಳಿನಿಂದ ವಿಭೂತಿ ಎಳೆದ ಹಾಗೆ ಮೂರು ಗೆರೆ ಎಳೆಯುತ್ತಿದ್ದ. ಆಮೇಲೆ ಬಿಳಿ ಪುಟ್ಟಿ. ಎರಡನೆಯದು ಕಚ್ಚಿಕೊಳ್ಳಲಿಕ್ಕೂ ಆಯಿತು, ಶಿವನ ಹೆಸರೂ ಆಯಿತು ಎನ್ನುತ್ತಿದ್ದ. ಶೆಡ್ಡಿನ ವ್ಯಾನಿನ ಬಾಗಿಲಲ್ಲಿ ಪುಟ್ಟಿ ಎದ್ದುಹೋದ ಕಡೆ ಆ ಗೆರೆಗಳು ಇವತ್ತಿಗೂ ಕಾಣುತ್ತವೆ. ಅಂಜಿನಯ್ಯನಿಗೆ ಈ ಡೌಲು ಬರುತ್ತಿರಲಿಲ್ಲ, ಅವನು ಮುರುಕು ಬ್ಲೇಡಿನಿಂದ ಅಡ್ಡಡ್ಡ ಗೀರುತ್ತಿದ್ದ.

ಮೂರು ವರ್ಷದ ಹಿಂದೆ ತಿನ್ನರ್ ತರುತ್ತೇನೆ ಎಂದು ಹೋದ ಶಿವಬಸಪ್ಪ ಎಂಟನೆಯ ದಿನ ಕೆಂಗೇರಿ ಕಡೆಯ ಒಂದು ಕೆರೆಯಲ್ಲಿ ತೇಲಿದ. ಮುಖ ಗುರುತು ಸಿಗುವಂತಿರಲಿಲ್ಲ. ಕೈಬೆರಳುಗಳನ್ನು ಮೀನು ಉಳಿಸಿರಲಿಲ್ಲ. ಆದರೆ ಕೊರಳಲ್ಲಿ ಅವನ ಬೆಳ್ಳಿ ಕರಡಿಗೆಯಿತ್ತು, ಅದರೊಳಗೆ ಅವನ ಇಷ್ಟಲಿಂಗವಿತ್ತು. ಉಸಿರಿರುವ ತನಕ ಮೈಮೇಲಿಂದ ಇಳಿಸದ ವಸ್ತು ಅದು. ಕುಡುಕನಾದರೂ ಶಿವಬಸಪ್ಪ ಅದನ್ನು ಒಂದು ದಿನ ತೆಗೆದಿಟ್ಟವನಲ್ಲ. ಲಿಂಗ ಕಂಡ ಮೇಲೆ ಯಾರೂ ಇನ್ನೇನೂ ಕೇಳಲಿಲ್ಲ. ಅತ್ತೆ ಶಿವಗಂಗಮ್ಮ ಎದೆ ಬಡಿದುಕೊಂಡರು. ತುಂಗಾ ಪೊಲೀಸರ ಕಾಗದಕ್ಕೆ ಸಹಿ ಹಾಕಿ, ತಾನೂ ಒಂದು ಹಿಡಿ ಮಣ್ಣು ಹಾಕಿ ಬಂದಿದ್ದಳು. ಅತ್ತೆ ಇವತ್ತಿಗೂ ಪ್ರತಿ ಸೋಮವಾರ ಬಸ್ಸು ಹತ್ತಿ ಆ ಸಮಾಧಿಗೆ ಪತ್ರೆ ಇಟ್ಟು ಬರುತ್ತಾರೆ.

ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅನ್ನುತ್ತಾರೆ. ತುಂಗಾ ಇಟ್ಟುಕೊಂಡಿದ್ದಳು.

ಅವಳು ಎಡಗಡೆಯ ಮಡ್‌ಗಾರ್ಡನ್ನು ಉಜ್ಜಿ ಒರೆಸಿ, ಪೇಪರ್ ಟೇಪಿನಿಂದ ನಡುವೆ ನೆಟ್ಟಗೆ ಒಂದು ಗಡಿ ಹಾಕಿದಳು. ಹಿಂದಿನ ಅರ್ಧಕ್ಕೆ ಹಳೆಯ ನ್ಯೂಸ್‌ಪೇಪರ್ ಮುಚ್ಚಿ, ಮುಂದಿನ ಅರ್ಧಕ್ಕೆ ಸಾದಾ ಕಪ್ಪು ಹೊಡೆದಳು. ಅದು ಆರಿದ ಮೇಲೆ ಮುಂದಿನದನ್ನು ಮುಚ್ಚಿ ಹಿಂದಿನದಕ್ಕೆ ಮೆಟಾಲಿಕ್ ಕಪ್ಪು ಹೊಡೆದಳು. ಕೊನೆಗೆ ಟೇಪು ಕಿತ್ತು, ಪಾಲಿಶ್ ಹಾಕಿ ಉಜ್ಜಿ, ಕಾರನ್ನು ಕಿಟಕಿಯ ಕಡೆಗೆ ಮುಖ ಮಾಡಿ ತಳ್ಳಿ ನಿಲ್ಲಿಸಿದಳು. ಭುಜ ಸೋತುಹೋಗಿತ್ತು.

ನಾಲ್ಕು ಗಂಟೆಗೆ ಸರಿಯಾಗಿ ಲಕ್ಷ್ಮೀಪತಿ ಬಂದ. ಒಳಗೆ ಕಾಲಿಟ್ಟವನು ಮಡ್‌ಗಾರ್ಡ್ ನೋಡಿ ಹುಬ್ಬು ಗಂಟಿಕ್ಕಿದ.

“ಇದೇನಮ್ಮಾ ಇದು? ಅರ್ಧ ಹಂಗೆ ಅರ್ಧ ಹಿಂಗೆ! ನಾನು ಹೇಳಿದ್ದೇನು?”

“ನೀವು ಮೂರು ವಾರ ತಗಡು ನೋಡಿದ್ರಲ್ಲ. ಕಾರಿನ ಮೇಲೇ ನೋಡ್ಲಿ ಅಂತ ಹೊಡೆದೆ. ಇಲ್ಲಿ ಬಗ್ಗಿ ನೋಡಿ. ಕಿಟಕಿ ಸರಳು ಕಾಣ್ತಿದ್ಯಾ?”

ಅವನು ಬಗ್ಗಲಿಲ್ಲ. ಆದರೆ ಕಣ್ಣು ತಾನಾಗಿ ಅತ್ತ ಹೋಯಿತು.

ಕಿಟಕಿಯ ಐದು ಕಬ್ಬಿಣದ ಸರಳುಗಳು ಸಾದಾ ಕಪ್ಪಿನಲ್ಲಿ ಕನ್ನಡಿಯಲ್ಲಿದ್ದ ಹಾಗೆ ಬಿದ್ದಿದ್ದವು. ಮೊದಲ ಎರಡು ಮಡ್‌ಗಾರ್ಡಿನ ಗುಂಡಗಿನ ಮೈ ಹಿಡಿದು ಒಂದೇ ಸಮನೆ ಇಳಿದಿದ್ದವು. ಮೂರನೆಯದು ನಡುವಿನಲ್ಲಿ ಸೊಟ್ಟಗಾಗಿತ್ತು. ನಾಲ್ಕನೆಯದು, ಐದನೆಯದು ಹಾವಿನಂತೆ ಹೊರಳಿ ಟೇಪಿನ ಗಡಿಗೆ ಬಂದು ನಿಂತಿದ್ದವು. ಗಡಿಯ ಆಚೆ, ಮೆಟಾಲಿಕ್ ಕಡೆ, ಬರೀ ಮಿಣಮಿಣ. ಸರಳೂ ಇಲ್ಲ, ಸೊಟ್ಟವೂ ಇಲ್ಲ.

“ಸಾದಾ ಕಪ್ಪಿಗೆ ಒಂದು ಕೆಟ್ಟ ಬುದ್ಧಿ ಸಾಹುಕಾರ್ರೇ. ಒಳಗೆ ಎಷ್ಟೇ ಚೆನ್ನಾಗಿ ಪುಟ್ಟಿ ತುಂಬಿದ್ರೂ ತಗಡು ಎಲ್ಲಿ ತಗ್ಗಿತ್ತು ಅಂತ ಸಾರಿಬಿಡುತ್ತೆ. ಮೆಟಾಲಿಕ್ ಹಾಗಲ್ಲ. ಅದರೊಳಗಿನ ಪುಡಿ ಬೆಳಕನ್ನ ದಿಕ್ಕಾಪಾಲು ಮಾಡುತ್ತೆ. ಯಾವ ಪೆಟ್ಟಿದ್ರೂ ಮುಚ್ಚಿ ಹಾಕುತ್ತೆ.”

“ಅದಕ್ಕೆ ನಾನೇನು ಮಾಡ್ಲಿ?”

“ಇದು ಪೇಂಟರ್‌ಗಳಿಗೆ ಗೊತ್ತಿರೋ ವಿಷಯ. ಕಾರಿನ ಬಾನೆಟ್ ಯಾವ ಕಡೆ ತೆಗೆಯುತ್ತೆ ಅಂತ ಗೊತ್ತಿಲ್ದಿರೋ ನಿಮಗೆ ಯಾರು ಹೇಳ್ಕೊಟ್ರು?”

ಲಕ್ಷ್ಮೀಪತಿ ಏಲಕ್ಕಿ ಅಗಿಯುವುದನ್ನು ನಿಲ್ಲಿಸಿದ. ಕೀ ತಿರುಗುವುದು ಮಾತ್ರ ನಿಲ್ಲಲಿಲ್ಲ.

“ಹೆಂಡ್ತಿ ಇಷ್ಟಪಟ್ಲು ಅಂದ್ನಲ್ಲ.”

“ನಿಮ್ಮ ಹೆಂಡ್ತಿ ಇದೇ ಸ್ಟೂಲ್ ಮೇಲೆ ಕೂತು ಏನಂದ್ರು ಅಂತ ಹೇಳ್ಲಾ? ಹೋಗ್ಲಿ ಬಿಡಿ. ಈ ಹೆಡ್‌ಲೈಟ್ ಯಾವಾಗ ಹಾಕ್ಸಿದ್ರಿ? ಹೋದ ಮಂಗಳವಾರ ಹಳೇದಿತ್ತು, ನಾನೇ ನೋಡಿದೀನಿ. ಇವತ್ತು ನೋಡಿದ್ರೆ ಹೊಸದು.”

“ಏ, ಹೆಂಗಸು ಅಂತ ಮರ್ಯಾದೆ ಕೊಟ್ರೆ ತಲೆ ಮೇಲೆ ಕೂರ್ತೀಯ? ನಾನ್ಯಾರು ಗೊತ್ತಾ?”

“ಗೊತ್ತು. ಹಾಲು ತರೋಕೆ ಹೊರಟಿದ್ದ ಮೇಷ್ಟ್ರನ್ನ ಗುದ್ದಿ, ಇಳಿದು ಕೂಡ ನೋಡದೆ ಓಡಿಹೋದೋರು. ಇಳಿದಿದ್ರೆ ಬದುಕ್ತಿದ್ರೇನೋ. ಆಸ್ಪತ್ರೆ ಒಂದು ಫರ್ಲಾಂಗೂ ಇರ್ಲಿಲ್ಲ.”

ಅವನ ಮುಖ ಸಪ್ಪೆಯಾಯಿತು. ತುಂಗಾಳಿಗೆ ಅದನ್ನು ನೋಡಿ ಹೊಟ್ಟೆ ತಣ್ಣಗಾಯಿತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂರು ವಾರ ತನ್ನ ನೆತ್ತಿಯ ಮೇಲೆ ಕೂತು ಕಪ್ಪು ಆರಿಸಿದ ಮನುಷ್ಯನಿಗೆ ಈಗ ಯಾವ ಕಪ್ಪೂ ಸಾಲದಾಗಿತ್ತು. ಇಂಥವನು ನಾಳೆ ಗೆದ್ದು ಬಂದು ರಸ್ತೆ ಉದ್ಘಾಟಿಸುತ್ತಾನೆ. ಅದೇ ಮಾಗಡಿ ರಸ್ತೆಯನ್ನೇ ಉದ್ಘಾಟಿಸಿದರೂ ಆಶ್ಚರ್ಯವಿಲ್ಲ.

ಆದರೆ ಅವನೂ ಬರಿಗೈಯಲ್ಲಿ ಬಂದಿರಲಿಲ್ಲ. ಸಫಾರಿಯ ಕಾಲರ್ ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತ.

“ಪೆಟ್ಟು ಬಿದ್ದಿದ್ದು ನಿಜ ಕಣಮ್ಮ. ಹೋದ ತಿಂಗಳು ಮನೆ ಗೇಟಿಗೆ ತಾಗಿತ್ತು. ನಿಮ್ಮ ಅಂಜಿನಯ್ಯನೇ ಮನೆಗೆ ಬಂದು ಪುಟ್ಟಿ ಹಾಕಿ ಸರಿಮಾಡ್ದ. ಮೆಟಾಲಿಕ್ ಹೊಡೆಸಿ ಅಂತ ಹೇಳ್ಕೊಟ್ಟಿದ್ದೂ ಅವನೇ. ಪೊಲೀಸರ ಮುಂದೆ ಹೀಗೇ ಹೇಳ್ತೀನಿ. ಅವನು ಅಲ್ಲ ಅಂತಾನೆ. ಒಬ್ಬ ಕೊಲೆಗಾರನ ಮಾತು ನಂಬ್ತಾರಾ, ನನ್ನ ಮಾತು ನಂಬ್ತಾರಾ?”

ಇದಕ್ಕೆ ಉತ್ತರ ಹುಡುಕಬೇಕಾಗಿಯೇ ಇರಲಿಲ್ಲ. ಜಗನ್ನಾಥ ಯಾರ ಮಾತು ನಂಬುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಪುಟ್ಟಿ ಒಂದು ತಿಂಗಳಿನದೋ ನಾಲ್ಕು ದಿನದ್ದೋ ಎಂದು ನೋಡಿ ಹೇಳಲು ಅವನಿಂದ ಆಗುವುದಿಲ್ಲ. ಹೀಗೇ ಬಿಟ್ಟರೆ ತಾನು ಇಷ್ಟು ಕಷ್ಟಪಟ್ಟು ಹೊರತೆಗೆದ ಪೆಟ್ಟೇ ಅಂಜಿನಯ್ಯನ ಕೊರಳಿಗೆ ಬೀಳುತ್ತದೆ.

“ಅಂಜಿನಯ್ಯ ಹಾಕಿದ್ದಾ?” ಎಂದಳು ತುಂಗಾ. “ಅವನು ಪುಟ್ಟಿ ಹಾಕಿದ ಕಡೆ ಒಳಗೆ ಬ್ಲೇಡಿನ ಅಡ್ಡ ಗೀರು ಇದ್ದೇ ಇರುತ್ತೆ. ಇಪ್ಪತ್ತು ವರ್ಷದಿಂದ ಅವನ ಕೈ ಹಾಗೇ. ಬಿಚ್ಚಿ ನೋಡೋಣ. ಗೀರಿದ್ರೆ ನೀವು ಹೇಳಿದ್ದು ಸರಿ. ಇಲ್ದಿದ್ರೆ ಬೇರೆ ಯಾರ್ದೋ ಕೈ. ಆ ಯಾರೋ ನಿಮ್ಮನ್ನ ಹಿಡ್ಕೊಡ್ತಾನೆ.”

ಅವಳು ಬಕೆಟ್ಟಿನಿಂದ ವಾಟರ್ ಪೇಪರ್ ತೆಗೆದು, ಮರದ ತುಂಡಿಗೆ ಸುತ್ತಿ, ಸೊಟ್ಟಗಾಗಿದ್ದ ಸರಳುಗಳ ಪ್ರತಿಬಿಂಬದ ಮೇಲೆಯೇ ಉಜ್ಜತೊಡಗಿದಳು. ಕಪ್ಪು ನೀರು ಇಳಿಯಿತು. ಅದರ ಹಿಂದೆ ಬೂದು. ಬೂದುವಿನ ಹಿಂದೆ ಬಿಳಿ ಪುಟ್ಟಿ ಹಾಲಿನಂತೆ ಹರಿದು ಅವಳ ಮೊಣಕೈಯಿಂದ ತೊಟ್ಟಿಕ್ಕಿತು. ಲಕ್ಷ್ಮೀಪತಿ ತಡೆಯುತ್ತಾನೆ ಎಂದುಕೊಂಡಿದ್ದಳು. ಅವನು ತಡೆಯಲಿಲ್ಲ. ಕೀ ತಿರುಗಿಸುತ್ತಾ ಸುಮ್ಮನೆ ಕೂತಿದ್ದ.

ಬಿಳಿ ತೆಳುವಾಗುತ್ತಾ ಬಂದಂತೆ ಕೆಳಗಿನ ಪದರ ಕಾಣಿಸಿಕೊಂಡಿತು.

ಅದು ಕೆಂಪಗಿತ್ತು.

ತುಂಗಾಳ ಕೈ ನಿಧಾನವಾಯಿತು. ಇನ್ನು ನಾಲ್ಕು ಸಲ ಉಜ್ಜಿ, ಒಂದು ಚೊಂಬು ನೀರು ಸುರಿದಳು.

ಬ್ಲೇಡಿನ ಗೀರು ಇರಲಿಲ್ಲ. ಕೆಂಪು ಪುಟ್ಟಿಯ ಮೇಲೆ ಬಿಳಿಯ ಮೂರು ಅಡ್ಡಗೆರೆಗಳಿದ್ದವು. ಹಣೆಯ ಮೇಲಿನ ವಿಭೂತಿಯ ಹಾಗೆ. ಮೇಲಿನದು ಉದ್ದಕ್ಕೆ, ಆಳವಾಗಿ. ಕೆಳಗಿನದೂ ಹಾಗೇ. ನಡುವಿನದು ಮಾತ್ರ ತೆಳ್ಳಗೆ, ಅಲ್ಲಲ್ಲಿ ತುಂಡಾಗಿ, ಅರ್ಧಕ್ಕೇ ನಿಂತಿತ್ತು. ತುದಿಯಿಲ್ಲದ ಬೆರಳು ಎಳೆದ ಗೆರೆ.

ಕಂಪ್ರೆಸರ್ ನಿಂತಿದ್ದರೂ ಅದರ ಬೆಲ್ಟಿನ ಕಿರುಗುಟ್ಟುವಿಕೆ ಅವಳ ಕಿವಿಯಲ್ಲಿ ಕೇಳಿಸುತ್ತಿತ್ತು.

“ಯಾಕಮ್ಮಾ, ಗುರುತು ಸಿಕ್ತಾ?”

ತಿರುಗಿ ನೋಡಿದಳು. ಲಕ್ಷ್ಮೀಪತಿ ನಗುತ್ತಿದ್ದ.

“ನಾಲ್ಕು ದಿನದ ಹಿಂದೆ ಕೂತು ತುಂಬಿದ್ದು. ಒಳ್ಳೇ ಕೆಲಸಗಾರ. ಪ್ಲೇನ್ ಹೊಡೆಸ್ಬೇಡಿ, ಮೆಟಾಲಿಕ್ ಹೊಡೆಸಿ ಅಂದ. ತುಂಗನ ಶೆಡ್ಡಿಗೇ ತಗೊಂಡ್ಹೋಗಿ, ಅವಳಿಗೆ ಗೊತ್ತಾದ್ರೂ ಬಾಯಿ ಬಿಡಲ್ಲ ಅಂತಾನೂ ಅಂದ. ಯಾಕೆ ಅಂತ ಆಮೇಲೆ ಹೇಳ್ದ.” ಅವನು ದನಿ ತಗ್ಗಿಸಿದ. “ಕೆರೆ ಏರಿ ಮೇಲೆ ಹೆಣ ನೋಡಿ, ನನ್ನ ಗಂಡಂದೇ ಅಂತ ಸಹಿ ಹಾಕಿದ್ದು ನೀವೇ ಅಲ್ವಾ? ಶಿವಬಸಪ್ಪ ಬದುಕಿದಾನೆ ಅಂತ ಗೊತ್ತಾದ್ರೆ ಪೊಲೀಸ್ನೋರು ಮೊದಲು ನಿಮ್ಮನ್ನ ಕೇಳೋದೇನು? ಬುದ್ಧಿವಂತ್ರು ನೀವು. ಕೈಯಲ್ಲಿ ಪೇಪರ್ ಇದೆ. ಇನ್ನೊಂದು ನಾಲ್ಕು ಸಲ ಉಜ್ಜಿಬಿಡಿ, ಆಗೋಯ್ತು.”

ಹೊರಗೆ ಜೀಪು ನಿಂತ ಸದ್ದಾಯಿತು.

ಪೇಪರ್ ಸುತ್ತಿದ ಮರದ ತುಂಡು ಇನ್ನೂ ಗೆರೆಗಳ ಮೇಲೆಯೇ ಇತ್ತು. ನಾಲ್ಕೂ ಬೇಕಿರಲಿಲ್ಲ, ಎರಡು ಸಲ ಉಜ್ಜಿದರೆ ಸಾಕಿತ್ತು. ಅಂಜಿನಯ್ಯ ಜೈಲಿಗೆ ಹೋಗುತ್ತಾನೆ, ತಾನು ಉಳಿದುಕೊಳ್ಳಬಹುದು. ಉಜ್ಜದಿದ್ದರೆ ಅವನು ಮನೆಗೆ ಬರುತ್ತಾನೆ, ತನ್ನ ಗತಿ ಏನೆಂದು ಗೊತ್ತಿಲ್ಲ.

ಅವಳ ಕಣ್ಣ ಮುಂದೆ ಬಂದದ್ದು ಲಾಕಪ್ಪಲ್ಲ. ಸೋಮವಾರದ ಬಸ್ಸಿನಲ್ಲಿ ಮಡಿಲಲ್ಲಿ ಬಿಲ್ವಪತ್ರೆಯ ಪೊಟ್ಟಣ ಇಟ್ಟುಕೊಂಡು ಕಿಟಕಿಯ ಪಕ್ಕ ಕೂರುವ ಅತ್ತೆ. ಮೂರು ವರ್ಷ. ಹೆತ್ತ ತಾಯಿ ಯಾರದೋ ಮಣ್ಣಿನ ಮುಂದೆ ಅಳುತ್ತಿರುವಾಗ, ಕೊರಳ ಲಿಂಗವನ್ನು ಯಾವುದೋ ಹೆಣಕ್ಕೆ ಕಟ್ಟಿ ಓಡಿಹೋದ ಮಗ ಎಲ್ಲೋ ಕೂತು ಮಡ್‌ಗಾರ್ಡಿಗೆ ವಿಭೂತಿ ಎಳೆಯುತ್ತಿದ್ದಾನೆ. ಮೇಲಿಂದ, ಅವಳು ಬಾಯಿ ಬಿಡಲ್ಲ ಎಂಬ ಧೈರ್ಯ ಬೇರೆ. ತುಂಗಾಳಿಗೆ ಭಯಕ್ಕಿಂತ ಅಸಹ್ಯ ಹೆಚ್ಚಾಯಿತು. ಸತ್ತನೆಂದುಕೊಂಡಿದ್ದಾಗಲೂ ಅವನನ್ನು ಅವಳು ಇಷ್ಟು ಹೀನಾಯವಾಗಿ ಕಂಡಿರಲಿಲ್ಲ.

“ಏನಮ್ಮಾ, ಏನೋ ತೋರಿಸ್ತೀನಿ ಅಂದ್ರಿ?” ಜಗನ್ನಾಥ ಟೋಪಿ ತೆಗೆದು ಬಾಗಿಲಲ್ಲಿ ನಿಂತಿದ್ದ. ಸ್ಟೂಲಿನ ಮೇಲಿದ್ದವನನ್ನು ಕಂಡು ಮುಖವರಳಿಸಿದ. “ಓಹೋ, ಲಕ್ಷ್ಮೀಪತಿಯವರು! ನಮಸ್ಕಾರ ಸಾರ್. ಟೀ ಎಲ್ಲಮ್ಮಾ?”

ತುಂಗಾ ಮರದ ತುಂಡನ್ನು ಬಕೆಟ್ಟಿಗೆ ಎಸೆದಳು. ನೀರು ಚಿಮ್ಮಿ ಬಿಳಿ ಸಫಾರಿಯ ಮೇಲೆ ಬಿತ್ತು.

“ಟೀ ಆಮೇಲೆ ಸಾರ್. ಬೆಳಕಿಗೆ ಅಡ್ಡ ನಿಲ್ಬೇಡಿ, ಈ ಕಡೆ ಬನ್ನಿ. ಇದು ಇವರ ಕಾರು. ಇದು ಪೆಟ್ಟು. ಅಂಜಿನಯ್ಯನೇ ಪುಟ್ಟಿ ಹಾಕಿದ್ದು ಅಂತ ಇವರು ಹೇಳ್ತಾರೆ. ಅವನು ಬ್ಲೇಡಲ್ಲಿ ಗೀರ್ತಾನೆ, ಬೆರಳಲ್ಲಿ ಗೆರೆ ಎಳೆಯಲ್ಲ. ಈ ಮೂರು ಗೆರೆ ನೋಡ್ಕೊಳ್ಳಿ, ನಡುವಿನದು ಅರ್ಧಕ್ಕೆ ನಿಂತಿದೆ. ಹೀಗೇ ಮೂರು ಗೆರೆ ನಿಮ್ಮ ಠಾಣೆ ಮುಂದೆ ನಿಂತಿರೋ ನಮ್ಮ ವ್ಯಾನಿನ ಬಾಗಿಲಲ್ಲೂ ಇವೆ. ಪಕ್ಕಪಕ್ಕ ಇಟ್ಟು ಫೋಟೋ ತೆಗೆಸಿ.”

ಜಗನ್ನಾಥ ಬಗ್ಗಿ ನೋಡಿದ. ಈ ಬಾರಿ ಆಕಳಿಸಲಿಲ್ಲ.

“ಯಾರ ಕೈ ಇದು?”

“ನನ್ನ ಗಂಡಂದು. ಶಿವಬಸಪ್ಪಂದು.”

ಲಕ್ಷ್ಮೀಪತಿಯ ಬೆರಳಲ್ಲಿ ತಿರುಗುತ್ತಿದ್ದ ಕೀ ನಿಂತಿತು.

“ನಾಲ್ಕು ದಿನದ ಹಿಂದೆ ತುಂಬಿದ್ದು. ಎಲ್ಲಿ ಅಂತ ಇವರನ್ನೇ ಕೇಳಿ. ಮೊದಲು ಅಂಜಿನಯ್ಯನನ್ನ ಬಿಡಿ ಸಾರ್.”

ಜಗನ್ನಾಥ ಮೂರು ಗೆರೆಗಳನ್ನೂ ತುಂಗಾಳ ಮುಖವನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ಬಾಗಿಲಾಚೆ ನಿಂತಿದ್ದ ಪೇದೆಗೆ ಶಟರ್ ಇಳಿಸಲು ಕೈಸನ್ನೆ ಮಾಡಿದ. ಕಬ್ಬಿಣದ ಬಾಗಿಲು ಗಡಗಡನೆ ಇಳಿದು ನೆಲಕ್ಕೆ ತಾಗಿತು. ಶೆಡ್ಡಿನಲ್ಲಿ ಕಿಟಕಿಯ ಬೆಳಕಷ್ಟೇ ಉಳಿಯಿತು.

“ಆಗ ನಾನು ಕೆಂಗೇರಿ ಠಾಣೇಲಿದ್ದೆ. ಆ ಹೆಣಾನ ಕೆರೆಯಿಂದ ಎತ್ತಿಸಿದ್ದು ನಾನೇ ಕಣಮ್ಮಾ,” ಎಂದ ಜಗನ್ನಾಥ. ಅವನ ದನಿಯಲ್ಲಿ ಮೊದಲ ಸಲ ಪೊಲೀಸಿನವನು ಕೇಳಿಸಿದ. “ತಲೆ ಹಿಂದೆ ಒಂದು ಪೆಟ್ಟಿತ್ತು. ಕುಡಿದು ಬಿದ್ದಿರಬೇಕು ಅಂತ ನೀವೇ ಅಂದ್ರಿ, ನಾನು ಹಾಗೇ ಬರ್ಕೊಂಡೆ. ಈಗ ಹೇಳಿ. ನಿಮ್ಮ ಗಂಡ ಬದುಕಿದ್ರೆ, ಅವತ್ತು ನೀವು ಮಣ್ಣು ಮಾಡಿದ್ದು ಯಾರನ್ನ?”